ಮುನಿಲಕ್ಷ್ಮಮ್ಮನವರ ನಂಬರು

ಅವರವರು ಮಾಡಿದ ಕರ್ಮವನ್ನು ಅವರವರೇ ಉಣ್ಣಬೇಕು, ಅದನ್ನು ಇನ್ನೊಬ್ಬರ ಎಲೆಗೆ ಬಡಿಸಲು ಬರುವುದಿಲ್ಲ ಎಂದು ನಮ್ಮ ಹಿರಿಯರು ಬಹುಕಾಲ ಯೋಚಿಸಿ ತೀರ್ಮಾನಿಸಿದ್ದಾರೆ. ಹಿರಿಯರು ನಮ್ಮ ಕಂಪನಿಯಲ್ಲಿ ಕೆಲಸ ಮಾಡಿರಲಿಲ್ಲ. ಯಶವಂತಪುರ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ಆ ಲಿಫ್ಟ್ ಸರ್ವೀಸ್ ಕಂಪನಿಯಲ್ಲಿ ಇಪ್ಪತ್ತಾರು ಜನರ ಕರ್ಮವೆಲ್ಲ ಐದು ವರ್ಷ ಕಾಲ ಒಬ್ಬರೇ ಹೆಂಗಸಿನ ಎಲೆಗೆ ಬೀಳುತ್ತಿತ್ತು. ಯಾವ ಋಷಿಯ ಶಾಪವೂ ಅದಕ್ಕೆ ಕಾರಣವಲ್ಲ. ಅಷ್ಟು ಜನಕ್ಕೂ ಸೇರಿ ಕಂಪನಿ ಲಾಗಿನ್ ಒಂದನ್ನೇ ಕೊಂಡಿತ್ತು, ಅಷ್ಟೆ.

ಆ ಹೆಂಗಸಿನ ಹೆಸರು ಮುನಿಲಕ್ಷ್ಮಮ್ಮ. ಕಂಪನಿಯ ಟೆಲಿಫೋನ್ ಮೇಜಿನ ಮುಂದೆ ಇಪ್ಪತ್ತನಾಲ್ಕು ವರ್ಷ ಕೂತಿದ್ದವರು. ಅವರ ಹೆಸರಿಗೆ ಒಮ್ಮೆ ಪೊಲೀಸ್ ಠಾಣೆಯ ದಾರಿ ಕಾಣಿಸುವ ಪರಿಸ್ಥಿತಿ ಬಂತು. ಆ ಪರಿಸ್ಥಿತಿಯನ್ನು ತಂದವನು ನಾನು. ಹೀಗಾಗಿ ಅವರ ಬಗ್ಗೆ ಬರೆಯುವ ಅಧಿಕಾರ ನನಗಲ್ಲದೆ ಬೇರೆ ಯಾರಿಗೂ ಇಲ್ಲ ಎಂದು ನಾನೇ ನಿರ್ಧರಿಸಿದ್ದೇನೆ.

ನಾನು ಅಲ್ಲಿ ಸರ್ವೀಸ್ ಇನ್‌ಚಾರ್ಜ್ ಆಗಿ 2008ರಲ್ಲಿ ಸೇರಿದೆ. ಮೊದಲ ದಿನವೇ ನನಗೆ ಅವರ ಪರಿಚಯವಾದದ್ದು ಹಾಜರಿ ಪುಸ್ತಕದಲ್ಲಿ. ನನ್ನ ಹೆಸರಿನ ಮುಂದಿನ ಚೌಕದಲ್ಲಿ ಆಗಲೇ ಯಾರೋ ಬರೆದಿದ್ದರು: 'ನಪುರ'. ಮೇಲಿನ ಚೌಕದಿಂದ ಹರಿದುಬಂದ ಬರಹ ಅದು. ಪೂರ್ತಿ ಓದಿದರೆ 'ಎನ್. ಮುನಿಲಕ್ಷ್ಮಮ್ಮ, ಬ್ಯಾಟರಾಯನಪುರ'. ಎಲ್ಲರೂ ಒಂದು ಗೀಟು ಎಳೆದು, ಕೆಳಗೆ ಎರಡು ಚುಕ್ಕಿ ಇಟ್ಟು ಸಹಿ ಎನ್ನುವಾಗ ಇವರು ದಿನವೂ ಊರಿನ ಸಮೇತ ಹೆಸರು ಬರೆಯುತ್ತಿದ್ದರು. ಚೌಕ ಸಾಲದೆ ಊರು ನನ್ನ ಕಡೆಗೆ ಬರುತ್ತಿತ್ತು. ಹತ್ತು ವರ್ಷ ನಾನು ಸಹಿ ಮಾಡಿದ್ದು ಬ್ಯಾಟರಾಯನಪುರದ ಹೊರವಲಯದಲ್ಲಿ.

"ಸ್ವಲ್ಪ ಚಿಕ್ಕದಾಗಿ ಮಾಡಬಹುದಲ್ಲ ಅಮ್ಮ" ಎಂದಿದ್ದೆ.

"ಎಸ್ರು ಅಂದ್ರೆ ಮನೆ ಇದ್ದಂಗೆ ಸಾರ್. ಅರ್ಧ ಕಟ್ಟಿ ಬಿಟ್ರೆ ನಾಯಿ ನುಗ್ತದೆ" ಎಂದರು.

ಹಕಾರದ ಬಗ್ಗೆ ಅವರಿಗೆ ಅಂಥ ಗೌರವವಿರಲಿಲ್ಲ. ಹೆಸರು ಎಸ್ರಾಗುತ್ತಿತ್ತು, ಹೋಗು ಓಗಾಗುತ್ತಿತ್ತು. ಬ್ಯಾಟರಾಯನಪುರ ಇನ್ನೂ ಊರಾಗಿದ್ದಾಗಿನ ಮನೆತನ ಅವರದು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಹದಿನಾಲ್ಕು ಮಹಡಿ ಎದ್ದಿತ್ತು. ಅದರ ಲಿಫ್ಟಿಗೂ ನಮ್ಮದೇ ಸರ್ವೀಸು. "ನಮ್ಮಪ್ಪ ಅಡ್ಡಕ್ಕೆ ಉಳ್ತಿದ್ದ. ಈಗಿನೋರು ಮೇಲಕ್ಕೆ ಉಳ್ತಾರೆ" ಎನ್ನುವುದಕ್ಕಿಂತ ಹೆಚ್ಚಿನ ವ್ಯಥೆಯನ್ನು ಆ ವಿಷಯಕ್ಕೆ ಅವರು ಖರ್ಚು ಮಾಡಲಿಲ್ಲ.

ಅವರ ಮೇಜಿನ ಮೇಲೆ ಒಂದು ಲ್ಯಾಂಡ್‌ಲೈನು, ಕಡ್ಲೆಪುರಿಯ ಡಬ್ಬಿ, ಬ್ಯಾಟರಿ ಮುಚ್ಚಳ ಉದುರದಂತೆ ರಬ್ಬರ್ ಬ್ಯಾಂಡ್ ಬಿಗಿದ ಒಂದು ಬಟನ್ ಫೋನು. ಎಸ್ಸೆಸ್ಸೆಲ್ಸಿಯನ್ನು ಗಣಿತದ ದೆಸೆಯಿಂದ ಅರ್ಧಕ್ಕೆ ಬಿಟ್ಟವರು. ಆದರೆ ಲಿಫ್ಟಿನ ಕಾಯಿಲೆಯನ್ನು ಫೋನಿನಲ್ಲೇ ಹಿಡಿಯುತ್ತಿದ್ದರು. ಒಂದು ಸಲ ಆರ್.ಟಿ. ನಗರದಿಂದ ಯಾರೋ ಗೃಹಿಣಿ ಕೂಗಾಡಿದರು: ಲಿಫ್ಟ್ ಮೂರರಲ್ಲೇ ನಿಂತಿದೆ, ಕೆಳಗೆ ಬರುತ್ತಿಲ್ಲ, ಒಂದು ಗಂಟೆಯಾಯ್ತು, ನೀವೆಲ್ಲ ಯಾತಕ್ಕೆ ಇದ್ದೀರಿ.

"ಮೂರ್ನೇ ಮಾಡೀಲಿ ಏನಾರ ಫಂಕ್ಷನ್ ಐತಾ ತಾಯಿ?"

"ನಾಮಕರಣ ಇದೆ. ಅದಕ್ಕೂ ಇದಕ್ಕೂ ಏನ್ರೀ?"

"ಮೆಟ್ಲು ಅತ್ತಿ ಓಗಿ ನೋಡಿ. ಲಿಫ್ಟ್ ಬಾಗ್ಲಲ್ಲಿ ಚಪ್ಪಲಿ ಬಿಟ್ಟವ್ರೆ."

ಬಿಟ್ಟಿದ್ದರು. ಮೆಕ್ಯಾನಿಕ್ ಹೋಗುವ ಅಗತ್ಯವೇ ಬೀಳಲಿಲ್ಲ.

2013ರ ಸುಮಾರಿಗೆ ನಮ್ಮ ಎಂ.ಡಿ. ಸದಾಶಿವಯ್ಯನವರಿಗೆ ಆಧುನಿಕರಾಗಬೇಕೆಂಬ ಹಂಬಲ ಹತ್ತಿತು. ಟೈ ಕಟ್ಟಿದ ಒಬ್ಬರು ಲ್ಯಾಪ್‌ಟಾಪ್ ತಂದು ಗೋಡೆಯ ಮೇಲೆ ಬೆಳಕು ಬಿಟ್ಟು ವಿವರಿಸಿದರು. ಗಿರಾಕಿಗಳು, ಸರ್ವೀಸು, ಸ್ಟೋರ್ಸು, ರಜೆ, ಸಂಬಳ ಎಲ್ಲವೂ ಒಂದೇ ಕಡೆ. ಎಲ್ಲಿಂದ ಬೇಕಾದರೂ ನೋಡಬಹುದು. ಎಲ್ಲಾ ಕ್ಲೌಡ್‌ನಲ್ಲಿರುತ್ತದೆ.

"ನಮ್ಮ ಕಂಪ್ಯೂಟರ್ ಕೆಟ್ಟುಹೋದ್ರೆ?" ಎಂದರು ಎಂ.ಡಿ.

"ಏನೂ ಆಗಲ್ಲ ಸಾರ್. ಬೇರೆ ಕಂಪ್ಯೂಟರಲ್ಲಿ ತೆಗೀತೀರ."

"ನಿಮ್ಮ ಕಂಪನಿ ಕೆಟ್ಟುಹೋದ್ರೆ?"

ಅವರು ಟೈ ಸರಿಮಾಡಿಕೊಂಡರು. ಆ ಸಂದಿನಲ್ಲಿ, ಕಾಫಿ ಲೋಟ ಎತ್ತಲು ಬಂದಿದ್ದ ಮುನಿಲಕ್ಷ್ಮಮ್ಮ ಕೇಳಿದರು: "ನಮ್ ಕಾಗ್ದ ಪತ್ರ ಎಲ್ಲಾ ಯಾರ ಮನೇಲಿ ಇರ್ತವೆ ಸಾಮಿ?"

"ಸಿಂಗಾಪುರದಲ್ಲೋ ಎಲ್ಲೋ ಇರುತ್ತಮ್ಮ. ತುಂಬಾ ಸೇಫು."

"ಅವ್ರಿಗೆ ನಮ್ ಮ್ಯಾಲೆ ಬೇಜಾರಾದ್ರೆ?"

ಇಂಥ ಸಾಫ್ಟ್‌ವೇರಿನ ಅನುಕೂಲ ಅನನುಕೂಲಗಳ ಕುರಿತು ಮುಂದೆ ನಾನು ಹಲವು ಲೇಖನ ಓದಿದ್ದೇನೆ. ಮುನಿಲಕ್ಷ್ಮಮ್ಮನವರ ಈ ಎರಡು ಪ್ರಶ್ನೆಗಳನ್ನು ದಾಟಿ ಹೋದದ್ದು ಒಂದೂ ಸಿಗಲಿಲ್ಲ.

ಬೆಲೆ ತಲೆಗಿಷ್ಟು, ತಿಂಗಳಿಗಿಷ್ಟು ಎಂದರು. ಎಂ.ಡಿ. ನನ್ನ ಕಡೆ ತಿರುಗಿ ಎಷ್ಟು ತಲೆ ಬೇಕಾಗುತ್ತದೆ ಎಂದು ಕೇಳಿದರು. ನಾನು ಎಣಿಸಿ ಇಪ್ಪತ್ತಾರು ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. "ಮೂರ್ತಿ, ನಮ್ಮನೇಲಿ ಏಳು ಜನ ಇದ್ದೀವಿ. ಗ್ಯಾಸ್ ಸಿಲಿಂಡರ್ ಒಂದೇ." ಎರಡು ತಲೆಗೆ ವ್ಯವಹಾರ ಮುಗಿಯಿತು. ಒಂದು ಅವರದು, ನೋಡುವುದಕ್ಕೆ. ಇನ್ನೊಂದು ಉಳಿದವರೆಲ್ಲರದು, ಕೆಲಸ ಮಾಡುವುದಕ್ಕೆ.

ಎರಡನೇ ತಲೆಗೆ ಒಂದು ಹೆಸರೂ ಒಂದು ಮೊಬೈಲ್ ನಂಬರೂ ಬೇಕಿತ್ತು. ಮೆಕ್ಯಾನಿಕ್‌ಗಳು ಯಾರೂ ಮುಂದೆ ಬರಲಿಲ್ಲ. ನಾನೂ ಆ ಕ್ಷಣದಲ್ಲಿ ಕಿಟಕಿಯಾಚೆಯ ರೈಲನ್ನು ನೋಡುತ್ತಿದ್ದೆ. "ನನ್ ಫೋನಿಗೆ ಎಂಗೂ ಯಾರೂ ಮಾಡಾಕಿಲ್ಲ. ನಂದೇ ಆಕ್ಕೊಳಿ" ಎಂದರು ಮುನಿಲಕ್ಷ್ಮಮ್ಮ. ಹೆಸರನ್ನು ಪೂರ್ತಿ ಹಾಕುವವರೆಗೆ ಪಕ್ಕದಲ್ಲೇ ನಿಂತಿದ್ದರು. ಪಾಸ್‌ವರ್ಡನ್ನು ಎಲ್ಲರಿಗೂ ನೆನಪಿರಲೆಂದು ಸ್ಟೋರ್ಸಿನ ಗೋಡೆಗೆ ಸೀಮೆಸುಣ್ಣದಲ್ಲಿ ಬರೆಯಲಾಯಿತು. ಸುರಕ್ಷತೆಯ ದೃಷ್ಟಿಯಿಂದ ಅದರ ಮೇಲೆ ಒಂದು ಕ್ಯಾಲೆಂಡರ್ ನೇತುಹಾಕಿದೆವು.

ಅನ್ಯಾಯ ಹೇಳಬಾರದು, ಅನುಕೂಲವಾಯಿತು. ಮೊದಲೆಲ್ಲ ಯಲಹಂಕದಲ್ಲಿ ಮನೆ ಇದ್ದ ಮೆಕ್ಯಾನಿಕ್ ಯಲಹಂಕದ ಲಿಫ್ಟ್ ನೋಡಲು ಬೆಳಗ್ಗೆ ಯಶವಂತಪುರಕ್ಕೆ ಬಂದು ಚೀಟಿ ತೆಗೆದುಕೊಂಡು ವಾಪಸ್ ಹೋಗಬೇಕಿತ್ತು. ಹೆಬ್ಬಾಳದ ಫ್ಲೈಓವರಿನಲ್ಲೇ ಅವನ ಅರ್ಧ ಆಯುಷ್ಯ ಕಳೆಯುತ್ತಿತ್ತು. ಈಗ ಮನೆಯಿಂದ ನೇರ ಹೋದ. ಇಲ್ಲವೆಂದು ನಾವು ಹೊಸದಾಗಿ ತರಿಸುತ್ತಿದ್ದ ಬಾಗಿಲಿನ ಸೆನ್ಸರು ಜಕ್ಕೂರಿನಲ್ಲಿ ನಾವು ಸಾಮಾನು ಇಡುತ್ತಿದ್ದ ಬೀರುವಿನಲ್ಲಿ ಆರು ಇವೆ ಎಂದು ಗೊತ್ತಾಯಿತು. ಒಂದು ಮಳೆಗಾಲ ಮೋರಿ ನೀರು ಆಫೀಸಿಗೆ ನುಗ್ಗಿ ಹಳೆಯ ರಿಜಿಸ್ಟರುಗಳೆಲ್ಲ ಗಂಜಿಯಾದವು. ಕ್ಲೌಡಿನಲ್ಲಿದ್ದ ಒಂದಕ್ಷರವೂ ನೆನೆಯಲಿಲ್ಲ. ಮರುದಿನ ಕುರ್ಚಿ ಮೇಲೆ ಕಾಲಿಟ್ಟುಕೊಂಡು ಕೂತು ಮೊಬೈಲಿನಲ್ಲೇ ಕೆಲಸ ಮಾಡಿದೆವು.

ಅನನುಕೂಲಗಳೂ ಇದ್ದವು. ಲಿಫ್ಟ್ ಇಳಿಯುವ ತಳದ ಗುಂಡಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕೆಲಸ ಮುಗಿಸಿದ ಮೆಕ್ಯಾನಿಕ್ 'ಮುಗಿಯಿತು' ಎಂದು ಒತ್ತಲು ತಾರಸಿಗೆ ಹತ್ತಬೇಕು. ಎಲ್ಲಕ್ಕಿಂತ ದೊಡ್ಡದು, ಎಂ.ಡಿ.ಯವರಿಗೆ ಎಲ್ಲವೂ ಎಲ್ಲಿಂದಲೂ ಕಾಣುತ್ತಿತ್ತು. ಆ ತಿಂಗಳ ಸರ್ವೀಸ್ ಆದ ಲಿಫ್ಟಿಗೆ ಹಸಿರು ಚುಕ್ಕಿ, ಆಗದ್ದಕ್ಕೆ ಕೆಂಪು. ತಿರುಪತಿಯ ಕ್ಯೂನಲ್ಲಿ ನಿಂತೇ ಫೋನ್ ಮಾಡುತ್ತಿದ್ದರು: "ಕೊಡಿಗೆಹಳ್ಳಿಲಿ ಒಂದು ಕೆಂಪು ಕಾಣ್ತಿದೆಯಲ್ಲ ಮೂರ್ತಿ." ಹಿಂದೆ ಅವರು ತಿರುಪತಿಗೆ ಹೋದರೆ ನಮಗೂ ಪುಣ್ಯ ಬರುತ್ತಿತ್ತು.

ಇನ್ನು ಆ ನಂಬರಿನ ವಿಷಯ. ಒಂದು ಲಾಗಿನ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಒಳಗಿರಬಹುದು. ಇನ್ನೊಬ್ಬ ಬಂದರೆ ಮೊದಲಿನವನನ್ನು ಹೊರಗೆ ತಳ್ಳಿ, ಬಂದವನನ್ನು ನೀನೇ ಮುನಿಲಕ್ಷ್ಮಮ್ಮನೋ ಎಂದು ಕೇಳುತ್ತದೆ. ಹೌದೆಂದು ಸಾಬೀತು ಮಾಡಲು ಒಂದು ಒಟಿಪಿ. ಅದು ಬರುವುದು ರಬ್ಬರ್ ಬ್ಯಾಂಡ್ ಬಿಗಿದ ಆ ಫೋನಿಗೆ. ಹೀಗಾಗಿ ಉತ್ತರ ಬೆಂಗಳೂರಿನ ಯಾವ ಮೂಲೆಯಲ್ಲಿ ಯಾವ ಮೆಕ್ಯಾನಿಕ್ ಕೆಲಸ ಮುಗಿಸಿದರೂ, ಅದನ್ನು ದಾಖಲಿಸಲು ಅವರಿಗೆ ಫೋನ್ ಮಾಡಿ ನಂಬರ್ ಕೇಳಬೇಕಿತ್ತು. ಅವರು ಸುಮ್ಮನೆ ಓದಿ ಹೇಳುತ್ತಾರೆ ಎಂದು ನಾವು ತಿಳಿದಿದ್ದೆವು.

"ಅಮ್ಮಾ, ನಂಬರ್ ಬಂತಾ?" ಇದು ಹೆಬ್ಬಾಳದಿಂದ ಬಸವರಾಜ, ನಮ್ಮ ಹಿರಿಯ ಮೆಕ್ಯಾನಿಕ್. ಫೋನು ಸ್ಪೀಕರಿನಲ್ಲಿರುತ್ತಿತ್ತು, ಯಾಕೆಂದರೆ ಅದು ಕೆಟ್ಟು ಹಾಗೇ ನಿಂತಿತ್ತು.

"ಬಂತು. ಏನ್ ಕೆಲ್ಸ ಆಯ್ತು?"

"ಸರ್ವೀಸ್ ಮುಗೀತು."

"ಬ್ರೇಕ್ ನೋಡ್ದಾ?"

"ನೋಡ್ದೆ ಕಣಮ್ಮ."

"ಕೈಯಾಗೆ ಮುಟ್ ನೋಡ್ದಾ, ಕಣ್ಣಾಗೆ ನೋಡ್ದಾ?"

ಹೆಬ್ಬಾಳದಲ್ಲಿ ಮೌನ.

"ಅಮ್ಮಾ, ಆ ನಂಬರ್ ಐದು ನಿಮಿಷಕ್ಕೆ ಸತ್ತೋಗುತ್ತೆ."

"ಸಾಯ್ಲಿ. ಇನ್ನೊಂದು ಉಟ್ತದೆ. ನೀನ್ ಓಗಿ ಮುಟ್ ನೋಡ್ಕಂಡ್ ಬಾ."

ಬಸವರಾಜ ಆರು ಮಹಡಿ ಮತ್ತೆ ಹತ್ತಿದ. ಮುಟ್ಟಿದ. ಬ್ರೇಕಿಗೆ ಹಿಡಿತ ಕೊಡುವ ಲೈನರ್ ಪಟ್ಟಿ ಸವೆದಿದೆ ಎಂದು ಅವನೇ ಫೋನ್ ಮಾಡಿದ. ನಂಬರ್ ಸಿಕ್ಕಿತು.

ಮೊದಲ ವರ್ಷ ಮೆಕ್ಯಾನಿಕ್‌ಗಳು ಗೊಣಗಿದರು. "ತಿರುಪತೀಲಾದ್ರೂ ಬೇಗ ದರ್ಶನ ಆಗುತ್ತೆ ಸಾರ್" ಎಂದು ನನಗೆ ದೂರಿದರು. ಎರಡನೇ ವರ್ಷ ಫೋನ್ ಮಾಡುವ ಮೊದಲೇ ಮುಟ್ಟಿ ನೋಡಿರುತ್ತಿದ್ದರು, ಹತ್ತಿಳಿಯುವುದು ತಪ್ಪಲಿ ಎಂದು. ಲಿಫ್ಟ್ ನಿಂತಿತೆಂಬ ಕರೆಗಳು ಕಣ್ಣಿಗೆ ಕಾಣುವಷ್ಟು ಕಡಿಮೆಯಾದವು. ಎಂ.ಡಿ.ಯವರು ಸಿಕ್ಕವರಿಗೆಲ್ಲ ಹೇಳಿದರು: "ಎಲ್ಲಾ ಈ ಸಾಫ್ಟ್‌ವೇರಿನ ಮಹಿಮೆ." ಹಾಗಲ್ಲ ಎಂದು ನನಗೆ ಗೊತ್ತಿತ್ತು. ನಾನು ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಆಗಲೇ ನನಗೆ ಅಭ್ಯಾಸವಾಗುತ್ತಿತ್ತು.

ದಾಖಲೆಯ ಪ್ರಕಾರ ಆ ವರ್ಷಗಳಲ್ಲಿ ಮುನಿಲಕ್ಷ್ಮಮ್ಮ ಯಲಹಂಕದಲ್ಲಿ ರೋಪಿಗೆ ಗ್ರೀಸ್ ಬಳಿದು, ಹತ್ತು ನಿಮಿಷದಲ್ಲಿ ಆರ್.ಟಿ. ನಗರದ ಬಾಗಿಲು ಸರಿಮಾಡಿ, ಅಲ್ಲಿಂದ ಜಕ್ಕೂರಿನ ಗುಂಡಿಗೆ ಇಳಿಯುತ್ತಿದ್ದರು. ಸಾಫ್ಟ್‌ವೇರಿನವರು ಬೆರಗಾಗಿ ಒಂದು ಪಿಂಗಾಣಿ ಮಗ್ಗನ್ನೂ 'ಅತ್ಯಂತ ಕ್ರಿಯಾಶೀಲ ಬಳಕೆದಾರರು' ಎಂಬ ಪ್ರಮಾಣಪತ್ರವನ್ನೂ ಕಳಿಸಿದರು. ಮುನಿಲಕ್ಷ್ಮಮ್ಮ ಪ್ರಮಾಣಪತ್ರವನ್ನು ಎರಡು ಸಲ ಓದಿಸಿಕೊಂಡು, "ಇಷ್ಟ್ ಕೆಲ್ಸ ಮಾಡಿದ್ರೂ ಸಂಬ್ಳ ಒಂದೇನಾ ಸಾರ್?" ಎಂದು ಕೇಳಿದರು. ಮಗ್ಗಿನಲ್ಲಿ ಎಲೆ ಅಡಿಕೆ ಇಟ್ಟುಕೊಂಡರು.

ತಂಗಿಯ ಮಗಳ ಮದುವೆಗೆಂದು ಒಮ್ಮೆ ಅವರು ಮೂರು ದಿನ ರಜೆ ಹಾಕಿದರು. ನಾನು ಅದನ್ನು ಶ್ರದ್ಧೆಯಿಂದ ಕ್ಲೌಡಿಗೆ ಏರಿಸಿದೆ. ರಜೆಯಲ್ಲಿರುವವರು ಕೆಲಸ ಮಾಡಬಾರದೆಂಬ ಘನವಾದ ತತ್ತ್ವ ಆ ಸಾಫ್ಟ್‌ವೇರಿಗಿತ್ತು. ಮರುದಿನ ಬೆಳಗ್ಗೆ ಲಾಗಿನ್ ತೆರೆಯಲಿಲ್ಲ. 'ನಿಮ್ಮ ರಜೆಯನ್ನು ಆನಂದಿಸಿ' ಎಂದು ಇಪ್ಪತ್ತಾರು ಜನರಿಗೂ ಹೇಳಿತು. ಎಂ.ಡಿ.ಯವರು ಖುದ್ದಾಗಿ ರಜೆ ರದ್ದು ಮಾಡುವವರೆಗೆ ಒಂದು ಲಿಫ್ಟಿನ ಕೆಲಸವನ್ನೂ ಬರೆಯಲಾಗಲಿಲ್ಲ. ಅಂದಿನಿಂದ ಮುನಿಲಕ್ಷ್ಮಮ್ಮನವರಿಗೆ ರಜೆ ಕಾಗದದಲ್ಲಿ ಮಾತ್ರ. ಧಾರೆಯ ಹೊತ್ತಿನಲ್ಲೂ ಅವರು ಚೌಲ್ಟ್ರಿಯ ಕಂಬಕ್ಕೆ ಒರಗಿ, "ರೋಪ್ ನೋಡ್ದಾ?" ಎಂದು ಯಾರನ್ನೋ ಕೇಳುತ್ತಿದ್ದರಂತೆ.

ಹೀಗೆ ಐದನೇ ವರ್ಷಕ್ಕೆ ಬಂದೆವು. ಅವರ ನಿವೃತ್ತಿಗೆ ಮೂರು ತಿಂಗಳಿತ್ತು.

ಆ ತಿಂಗಳ ಕೊನೆಯ ದಿನ. ಇಬ್ಬರು ಮೆಕ್ಯಾನಿಕ್‌ಗಳಿಗೆ ಡೆಂಗ್ಯೂ. ಜಕ್ಕೂರಿನ ಒಂದು ಅಪಾರ್ಟ್‌ಮೆಂಟಿನ ನಾಲ್ಕು ಲಿಫ್ಟುಗಳು ಸರ್ವೀಸ್ ಆಗದೆ ಉಳಿದಿದ್ದವು. ಎಂ.ಡಿ. ಫೋನ್ ಮಾಡಿದರು.

"ಮೂರ್ತಿ, ಜಕ್ಕೂರು ಯಾಕೆ ಕೆಂಪಗಿದೆ?"

"ಆಗುತ್ತೆ ಸಾರ್."

"ಸಂಜೆಯೊಳಗೆ ಹಸಿರಾಗ್ಬೇಕು."

ಸರ್ವೀಸ್ ಆಗಬೇಕು ಎಂದು ಅವರು ಹೇಳಲಿಲ್ಲ. ಹಸಿರಾಗಬೇಕು ಎಂದರು. ವ್ಯತ್ಯಾಸ ನನಗೆ ಗೊತ್ತಿತ್ತು, ಗೊತ್ತಿರಲಿಲ್ಲವೆಂದು ಈಗ ಹೇಳುವುದು ಸರಿಯಲ್ಲ.

ಬೆಳಗ್ಗೆ ನಾನು ಜಕ್ಕೂರಿಗೆ ಹೋಗಿದ್ದೆ, ಅದೂ ನಿಜ. ಆ ಅಪಾರ್ಟ್‌ಮೆಂಟಿನ ಗೇಟಿನವರೆಗೆ ಹೋದೆ. ಲಿಫ್ಟ್ ಓಡುತ್ತಿದೆಯಾ ಎಂದು ವಾಚ್‌ಮನ್‌ನನ್ನು ಕೇಳಿದೆ. ಓಡುತ್ತಿದೆ ಎಂದ. ಆಮೇಲೆ ಕೆರೆ ಏರಿಯ ಮೇಲೆ ನಿಂತು ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಇಳಿಯುವುದನ್ನು ನೋಡಿದೆ. ಇಡ್ಲಿ ತಿಂದೆ. ಆಫೀಸಿಗೆ ಬಂದೆ. ತಾಂತ್ರಿಕವಾಗಿ ಪರಿಶೀಲನೆಯ ಎಲ್ಲ ಲಕ್ಷಣಗಳೂ ಇದ್ದವು, ಲಿಫ್ಟ್ ಒಂದನ್ನು ಬಿಟ್ಟು.

ಮಧ್ಯಾಹ್ನ ನನ್ನ ಮೇಜಿನಿಂದಲೇ ಲಾಗಿನ್ ತೆರೆದೆ. ನಾಲ್ಕು ಹೆಜ್ಜೆ ಆಚೆ ಅವರ ಫೋನು ಕಿರುಗುಟ್ಟಿತು.

"ಅಮ್ಮ, ನಂಬರ್ ಹೇಳಿ. ಜಕ್ಕೂರು, ನಾಲ್ಕು ಲಿಫ್ಟು. ಬೆಳಗ್ಗೆ ನಾನೇ ಹೋಗಿದ್ದೆ."

"ನೋಡಿದ್ರಾ ಸಾರ್?"

"ನೋಡ್ದೆ."

ಅವರು ಕನ್ನಡಕದ ಮೇಲಿಂದ ನನ್ನನ್ನು ಒಂದು ಕ್ಷಣ ನೋಡಿದರು. ಸರ್ವೀಸ್ ಇನ್‌ಚಾರ್ಜ್‌ನ ಕೈಯನ್ನೂ ಕಣ್ಣನ್ನೂ ಬೇರೆ ಬೇರೆ ಮಾಡಿ ವಿಚಾರಿಸುವುದು ಮರ್ಯಾದೆಯಲ್ಲ ಎನ್ನಿಸಿರಬೇಕು. ಆರು ಅಂಕಿಗಳನ್ನು ಓದಿ ಹೇಳಿದರು. ನಾನು ಒತ್ತಿದೆ. ಜಕ್ಕೂರು ಹಸಿರಾಯಿತು.

ಒಂಬತ್ತನೇ ದಿನ ಆ ನಾಲ್ಕರಲ್ಲಿ ಒಂದು ಲಿಫ್ಟು ಐದನೇ ಮಹಡಿಯಿಂದ ಹೊರಟು ಎರಡರಲ್ಲಿ ನಿಲ್ಲಬೇಕಾದದ್ದು ನಿಲ್ಲದೆ ಜಾರಿತು. ಒಂದು ಮತ್ತು ಎರಡರ ನಡುವೆ ಧಡಕ್ಕನೆ ಸಿಕ್ಕಿಕೊಂಡಿತು. ಒಳಗೆ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಇದ್ದರು. ಅವರನ್ನು ಇಳಿಸಲು ಒಂದೂಕಾಲು ಗಂಟೆ ಹಿಡಿಯಿತು. ಪಾದದ ಮೂಳೆ ಬಿರುಕು ಬಿಟ್ಟಿತ್ತು. ಬಸವರಾಜ ಹೋಗಿ ಬ್ರೇಕಿನ ಲೈನರ್ ಬಿಚ್ಚಿ ತಂದು ನನ್ನ ಮೇಜಿನ ಮೇಲೆ ಇಟ್ಟ. ಹಪ್ಪಳದಷ್ಟು ತೆಳ್ಳಗಾಗಿತ್ತು. ಕಣ್ಣು ಬೇಕಿರಲಿಲ್ಲ, ಮುಟ್ಟಿದ್ದರೆ ಸಾಕಿತ್ತು.

ಅಪಾರ್ಟ್‌ಮೆಂಟಿನ ಸಂಘದವರು ದಾಖಲೆ ಕೇಳಿದರು. ಕ್ಲೌಡಿನ ಒಂದು ಗುಣವೆಂದರೆ ದಾಖಲೆ ಕೇಳಿದರೆ ಕ್ಷಣದಲ್ಲಿ ಕೊಡುತ್ತದೆ. ಹಳೆಯ ರಿಜಿಸ್ಟರಾಗಿದ್ದರೆ ಇಲಿ ತಿಂದಿತೆಂದು ಹೇಳಬಹುದಿತ್ತು. 'ಬ್ರೇಕ್ ಪರಿಶೀಲನೆ: ಸರಿಯಿದೆ. ಪರಿಶೀಲಿಸಿದವರು: ಎನ್. ಮುನಿಲಕ್ಷ್ಮಮ್ಮ.' ಈ ವ್ಯಕ್ತಿಯ ಮೇಲೆ ಪೊಲೀಸ್ ದೂರು ಕೊಡುತ್ತೇವೆ ಎಂದರು.

ಎಂ.ಡಿ.ಯವರ ಕೋಣೆಯಲ್ಲಿ ಲಾಯರು, ಅವರು, ನಾನು. ಲಾಯರು ಹಗುರಾಗಿ ಹೇಳಿದರು: "ದಾಖಲೆ ಕ್ಲಿಯರ್ ಇದೆ. ವ್ಯಕ್ತಿಯ ತಪ್ಪು, ಕಂಪನೀದಲ್ಲ."

"ಪಾಪ, ಮೂರು ತಿಂಗಳಲ್ಲಿ ಹೇಗೂ ರಿಟೈರ್ ಆಗ್ತಾರೆ" ಎಂದರು ಎಂ.ಡಿ. ಅವರ ದನಿಯಲ್ಲಿ ನಿಜವಾದ ಸಮಾಧಾನವಿತ್ತು. "ಅದನ್ನ ಯಾರು ಮಾಡಿದ್ದು ಮೂರ್ತಿ?"

"ವಿಚಾರಿಸ್ತೀನಿ ಸಾರ್" ಎಂದೆ.

ಎರಡು ದಿನ ವಿಚಾರಿಸಿದೆ. ಮನೆಯಲ್ಲಿ, ಬಸ್ಸಿನಲ್ಲಿ, ಬಚ್ಚಲಲ್ಲಿ. ಉತ್ತರ ಪ್ರತಿ ಸಲವೂ ಒಂದೇ ಬರುತ್ತಿತ್ತು. ನನಗೂ ಸಂಸಾರವಿದೆ, ಹನ್ನೊಂದು ವರ್ಷದ ಸರ್ವೀಸಿದೆ, ದೂರು ಕೊಡುತ್ತಾರೋ ಇಲ್ಲವೋ, ಕೊಟ್ಟರೂ ಹೆಂಗಸೆಂದು ಬಿಡುತ್ತಾರೇನೋ ಎಂದು ಮುಂತಾಗಿ ಧರ್ಮಶಾಸ್ತ್ರವನ್ನೆಲ್ಲ ಪರಾಮರ್ಶಿಸಿದೆ. ನನ್ನದು ಹನ್ನೊಂದಲ್ಲ, ಹತ್ತು ವರ್ಷದ ಸರ್ವೀಸು. ಹೆದರಿದಾಗ ಮನುಷ್ಯ ಒಂದು ಸೇರಿಸಿಕೊಳ್ಳುತ್ತಾನೆ.

ಎಂ.ಡಿ. ಮುನಿಲಕ್ಷ್ಮಮ್ಮನವರನ್ನು ಕರೆದು ಹೇಳಿದರು: "ಮುನಿಲಕ್ಷ್ಮಮ್ಮ, ನಿಮ್ಮ ಹೆಸರಲ್ಲಿ ಒಂದು ಕಂಪ್ಲೇಂಟ್ ಆಗ್ಬಹುದು. ಹೆದರ್ಬೇಡಿ. ಲಾಯರ್ ನೋಡ್ಕೋತಾರೆ."

"ಪೊಲೀಸ್ನೋರು ಮನೆತಾವ ಬತ್ತಾರಾ ಸಾರ್?"

"ಬಂದ್ರೂ ಬರಬಹುದು."

"ನಮ್ ಬೀದೀಲಿ ಎಲ್ಲಾ ನಮ್ಮೋರೇ ಅವ್ರೆ" ಎಂದಷ್ಟೇ ಹೇಳಿ ಹೊರಗೆ ಬಂದರು.

ಮರುದಿನ ಬೆಳಗ್ಗೆ ಹಾಜರಿ ಪುಸ್ತಕ ತೆರೆದೆ. ನನ್ನ ಚೌಕ ಖಾಲಿಯಾಗಿತ್ತು. ಮೇಲಿನ ಚೌಕದೊಳಗೆ, ಗೆರೆ ದಾಟದಂತೆ, 'ಎನ್.ಎಂ.' ಎಂದಿತ್ತು. ಅಂದು ನನಗೆ ಸಹಿ ಮಾಡಲು ಬೇಕಾದಷ್ಟು ಜಾಗವಿತ್ತು.

ಸಂಘದವರು ನಮ್ಮನ್ನು ಜಕ್ಕೂರಿಗೆ ಕರೆಸಿದರು. ನೆಲಮಹಡಿಯ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಆ ಕಡೆ ಕಾರ್ಯದರ್ಶಿ, ಆರೇಳು ಜನ ನಿವಾಸಿಗಳು, ಕಾಲಿಗೆ ಬ್ಯಾಂಡೇಜು ಕಟ್ಟಿಕೊಂಡ ಮುಖ್ಯೋಪಾಧ್ಯಾಯಿನಿ. ಈ ಕಡೆ ಎಂ.ಡಿ., ಲಾಯರು, ಮುನಿಲಕ್ಷ್ಮಮ್ಮ, ನಾನು. ಕಾರ್ಯದರ್ಶಿ ಪ್ರಿಂಟ್ ತೆಗೆದ ಹಾಳೆ ಓದಿದರು.

"ಎನ್. ಮುನಿಲಕ್ಷ್ಮಮ್ಮ ಯಾರು?"

ಅವರು ಎದ್ದು ನಿಂತರು. ಐವತ್ತೆಂಟರ, ಕೈಮಗ್ಗದ ಸೀರೆಯ, ಐದಡಿಗೆ ಕಡಿಮೆ ಇರುವ ಹೆಂಗಸನ್ನು ನೋಡಿ ಕಾರ್ಯದರ್ಶಿ ಹಾಳೆಯನ್ನು ಇನ್ನೊಮ್ಮೆ ನೋಡಿದರು.

"ನೀವು ಲಿಫ್ಟ್ ಮೇಲೆ ಹತ್ತಿ ಬ್ರೇಕ್ ಚೆಕ್ ಮಾಡಿದ್ರಾ?"

"ಇಲ್ಲ ಸಾಮಿ. ನಂಬರ್ ಕೊಟ್ಟೋಳು ನಾನು. ನೋಡ್ದೋರು ಬೇರೆ."

"ಅಮ್ಮ, ಅದು ಕಂಪನಿ ಒಳಗಿನ ವಿಷಯ" ಎಂದು ಲಾಯರು ಕೆಮ್ಮಿದರು.

ಮುನಿಲಕ್ಷ್ಮಮ್ಮ ಆ ಕೆಮ್ಮನ್ನು ಗಮನಿಸಲಿಲ್ಲ. ನನ್ನ ಕಡೆ ತಿರುಗಿದರು. ಫೋನಿನಲ್ಲಿ ಹೆಬ್ಬಾಳದವನನ್ನು ಕೇಳುವ ಅದೇ ದನಿ, ಏರಿಲ್ಲ, ಇಳಿದಿಲ್ಲ.

"ಮೂರ್ತಿ ಸಾರ್, ಬ್ರೇಕ್ ನೋಡಿದ್ರಾ?"

"ಜಕ್ಕೂರಿಗೆ ಹೋಗಿದ್ದೆ."

"ಓಗಿದ್ದು ನಾ ಕೇಳ್ನಿಲ್ಲ. ಕೈಯಾಗೆ ಮುಟ್ ನೋಡಿದ್ರಾ, ಕಣ್ಣಾಗೆ ನೋಡಿದ್ರಾ?"

ಐದು ವರ್ಷ ಬಸವರಾಜ ಮತ್ತಿತರರು ಈ ಪ್ರಶ್ನೆಯ ಮುಂದೆ ಮೌನವಾಗುವುದನ್ನು ಕೇಳಿ ನಾನು ನಕ್ಕಿದ್ದೆ. ಅದು ಎಷ್ಟು ಉದ್ದದ ಮೌನವೆಂದು ನನಗೆ ಅಂದಾಜಿರಲಿಲ್ಲ.

"ಎರಡೂ ಇಲ್ಲ" ಎಂದೆ.

ಎಂ.ಡಿ.ಯವರು ತಮ್ಮ ಚಪ್ಪಲಿ ನೋಡಿಕೊಂಡರು. ಮುನಿಲಕ್ಷ್ಮಮ್ಮ ಕಾರ್ಯದರ್ಶಿಯ ಕಡೆ ತಿರುಗಿದರು. "ಇಷ್ಟ್ ಮಾತು ಅವತ್ತೇ ಕೇಳ್ಬೇಕಿತ್ತು ನಾನು. ದೊಡ್ಡೋರು ಅಂತ ಕೇಳ್ನಿಲ್ಲ. ಅದೊಂದು ನನ್ ತಪ್ಪು. ಬರ್ಕೊಳಿ." ಕುಳಿತರು. ಮುಖ್ಯೋಪಾಧ್ಯಾಯಿನಿಯ ಕಾಲನ್ನೇ ಸ್ವಲ್ಪ ಹೊತ್ತು ನೋಡಿ, "ಬಾವು ಇಳ್ದೈತಾ ತಾಯಿ?" ಎಂದು ಕೇಳಿದರು. ಆಕೆ, ಬಹುಶಃ ನಲವತ್ತು ವರ್ಷ ಮಕ್ಕಳಿಂದ ಇಂಥದೇ ಉತ್ತರಗಳನ್ನು ಹೊರಡಿಸಿದ್ದವರು, ನನ್ನನ್ನು ನೋಡಿ, "ಈಗಲಾದ್ರೂ ಹೇಳಿದನಲ್ಲ" ಎಂದರು. ಆ ವಯಸ್ಸಿನಲ್ಲಿ ನಾನು ಏಕವಚನಕ್ಕೆ ಇಳಿದದ್ದು ಅಂದೇ. ಆಕ್ಷೇಪಿಸಲಿಲ್ಲ.

ದೂರು ಕೊಡಲಿಲ್ಲ. ಆಸ್ಪತ್ರೆಯದು, ಹೊಸ ಬ್ರೇಕಿನದು ಕಂಪನಿ ನೋಡಿಕೊಂಡಿತು. ಸಂಘದವರು ಒಂದು ಷರತ್ತು ಹಾಕಿದರು: ಕೆಲಸ ಮಾಡಿದವರ ಹೆಸರೇ ದಾಖಲೆಯಲ್ಲಿ ಇರಬೇಕು. ಎಂ.ಡಿ.ಯವರು ಎದೆ ಕಲ್ಲು ಮಾಡಿಕೊಂಡು ಇಪ್ಪತ್ತಾರು ತಲೆಗೂ ಲಾಗಿನ್ ಕೊಂಡರು. ನನ್ನನ್ನು ಸ್ಟೋರ್ಸಿಗೆ ಹಾಕಿದರು, ಕ್ಯಾಲೆಂಡರ್ ನೇತುಹಾಕಿದ ಗೋಡೆಯ ಎದುರಿಗೆ.

ಮುನಿಲಕ್ಷ್ಮಮ್ಮನವರ ಹಳೆಯ ಲಾಗಿನ್ ಮುಚ್ಚುವಾಗ ಸಾಫ್ಟ್‌ವೇರು ಕೇಳಿತಂತೆ: 'ಇವರ ಹೆಸರಿನಲ್ಲಿರುವ ದಾಖಲೆಗಳನ್ನು ಯಾರಿಗೆ ವರ್ಗಾಯಿಸಬೇಕು?' ಎಂ.ಡಿ. ನನ್ನ ಹೆಸರು ಒತ್ತಿದರು. ಈಗ ಐದು ವರ್ಷದ ಗ್ರೀಸು, ರೋಪು, ಬಾಗಿಲುಗಳೆಲ್ಲ ನಾನೇ ನೋಡಿದ್ದು ಎಂದು ಕ್ಲೌಡಿನಲ್ಲಿದೆ.

ನಿವೃತ್ತಿಗೆ ಉಳಿದ ದಿನಗಳಲ್ಲಿ ಮುನಿಲಕ್ಷ್ಮಮ್ಮ ನನ್ನೊಡನೆ ಮೊದಲಿನಂತೆಯೇ ಇದ್ದರು. ಮಧ್ಯಾಹ್ನ ಸ್ಟೋರ್ಸಿನ ಬಾಗಿಲಿಗೆ ಬಂದು ಕಡ್ಲೆಪುರಿ ಕೊಡುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಕೇಳಿದೆ: "ನನ್ನ ಮೇಲೆ ಬೇಜಾರಿದೆಯಾ ಅಮ್ಮ?"

"ಸುಳ್ಳೇಳಿದ್ದಕ್ಕೆ ಬೇಜಾರಿಲ್ಲ ಸಾರ್. ಯಾರ್ ಏಳಲ್ಲ? ಎಲ್ಡ್ ದಿನ ನಾಲ್ಕೆಜ್ಜೆ ದೂರದಲ್ಲೇ ಕೂತಿದ್ರಿ. ಅದನ್ನ ಒಸಿ ಯೋಚ್ನೆ ಮಾಡ್ತಾ ಇರ್ತೀನಿ." ಡಬ್ಬಿಯ ಮುಚ್ಚಳ ಹಾಕಿಕೊಂಡು ಹೋದರು.

ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ಬುಟ್ಟಿ, ಭಾಷಣ. ಎಂ.ಡಿ.ಯವರು ಇಪ್ಪತ್ತು ನಿಮಿಷ ಮಾತಾಡಿ ಅದರಲ್ಲಿ ಹದಿನೈದನ್ನು ಹೊಸ ಲಾಗಿನ್‌ಗಳಿಗೆ ಮೀಸಲಿಟ್ಟರು. ಮುನಿಲಕ್ಷ್ಮಮ್ಮನವರನ್ನು ಎರಡು ಮಾತು ಆಡಿ ಎಂದಾಗ, "ಎಲ್ಲಾ ಚೆನ್ನಾಗ್ ನೋಡ್ಕಂಡ್ರಿ" ಎಂದು ಒಂದನ್ನೇ ಆಡಿದರು.

ಮರುವರ್ಷ, 2019ರಲ್ಲಿ, ಬ್ಯಾಟರಾಯನಪುರದ ಬಸ್‌ಸ್ಟಾಪಿನಲ್ಲಿ ಅವರನ್ನು ಕೊನೆಯ ಸಲ ಕಂಡೆ. ಕೈಯಲ್ಲಿ ಸೊಪ್ಪಿನ ಚೀಲ. ಫೋನು ಹೊಸದು.

"ಸ್ಟೋರ್ಸಲ್ಲೇ ಇದ್ದೀರಾ ಸಾರ್?"

"ಅಲ್ಲೇ."

"ಈಗ ನಂಬರು ಯಾರಿಗೆ ಬತ್ತದೆ?"

"ಅವರವರ ಫೋನಿಗೇ ಬರುತ್ತಮ್ಮ. ಒತ್ತಿದ ತಕ್ಷಣ."

"ಒತ್ತೋಕೆ ಮುಂಚೆ ಯಾರ್ ಕೇಳ್ತಾರೆ?"

ಅಷ್ಟರಲ್ಲಿ ಅವರ ಬಸ್ಸು ಬಂತು. ಡ್ರೈವರು ನಿಲ್ಲಿಸುವ ಮುನ್ನವೇ ಜನ ಬಾಗಿಲಿಗೆ ಮುತ್ತಿದರು. ಅವರು ಚೀಲವನ್ನು ತಲೆಯ ಮೇಲೆತ್ತಿ, ಮೊಣಕೈ ಬಳಸಿ, ಯಾವ ಸಂಕೋಚವೂ ಇಲ್ಲದೆ ಎಲ್ಲರಿಗಿಂತ ಮೊದಲು ಹತ್ತಿದರು. ಸೀಟೂ ಸಿಕ್ಕಿತು.

ಟೆಲಿಫೋನ್ ಮೇಜಿಗೆ ಕಂಪನಿ ಬೇರೆ ಯಾರನ್ನೂ ತೆಗೆದುಕೊಳ್ಳಲಿಲ್ಲ.